ತ್ಯಾಗವೀರ ಸಿರಸಂಗಿ ಲಿಂಗರಾಜರು

ಶರಣಧರ್ಮದಲ್ಲಿ ದಾನಕ್ಕಿಂತ ದಾಸೋಹಕ್ಕೆ ಮೇಲಾದ ಸ್ಥಾನವುಂಟು. ದಾನ ಮಾಡುವವನಲ್ಲಿ ತಾನು ಕೊಡುವವನೆಂಬ ಭಾವವು ಉಳಿಯಬಹುದು. ಕೈಯೊಡ್ಡಿದವನು ತನಗಿಂತ ಕೆಳಗಿನವನೆಂಬ ಭಾವವೂ ಅದರೊಡನೆ ಸೇರಿಕೊಳ್ಳಬಹುದು. ದಾಸೋಹದಲ್ಲಿ ಇವೆರಡಕ್ಕೂ ಎಡೆಯಿಲ್ಲ. ತನ್ನ ಕೈಯಲ್ಲಿರುವ ಸಂಪತ್ತು ಮೊದಲಿನಿಂದಲೂ ಶಿವನ ಸೊತ್ತು, ಅದು ಜಂಗಮಸ್ವರೂಪವಾದ ಸಮಾಜಕ್ಕೆ ಸಲ್ಲತಕ್ಕದ್ದು, ತಾನು ಅದನ್ನು ಕೆಲಕಾಲ ಕಾಯ್ದುಕೊಂಡಿರುವ ಸೇವಕನು ಮಾತ್ರ ಎಂದು ತಿಳಿದು ಒಡೆಯನ ಒಡವೆಯನ್ನು ಒಡೆಯನಿಗೇ ಒಪ್ಪಿಸುವುದು ದಾಸೋಹ. ಅಲ್ಲಿ ಕೊಟ್ಟೆನೆಂಬ ಹಮ್ಮಿಲ್ಲ. ಕಳೆದುಕೊಂಡೆನೆಂಬ ಕೊರಗೂ ಇಲ್ಲ.

ಕಲ್ಯಾಣದ ಶರಣರಲ್ಲಿ ಬಹುಮಂದಿ ಅಂದಂದಿನ ಕಾಯಕದಿಂದ ಅಂದಂದಿನ ದಾಸೋಹವನ್ನು ನಡೆಸಿದವರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ಮನೆಗೆ ತಂದಾಗ ಪುಣ್ಯಸ್ತ್ರೀ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯನ್ನು ಅರಿಯದ ಲಿಂಗಾಯತ ಮನೆಯಿಲ್ಲ. ಆದರೆ ಇದನ್ನು ಕೇಳಿ ತಲೆದೂಗಿದ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ಏಳುವುದುಂಟು. ಒಂದು ಸೆರಗಿನ ಅಕ್ಕಿಯನ್ನು ಹಿಂದಕ್ಕೆ ಸುರಿಯುವುದು ಸಾಧ್ಯ. ಹಿರಿಯರಿಂದ ಬಂದ ಹೊಲ ಮನೆ, ಗದ್ದೆ ತೋಟ, ಊರೂರುಗಳ ಉತ್ಪನ್ನ ಇವುಗಳನ್ನು ಏನು ಮಾಡಬೇಕು? ವಂಶಕ್ಕೆಂದು ಕೂಡಿಟ್ಟದ್ದನ್ನು ಸಮಾಜಕ್ಕೆ ಒಪ್ಪಿಸಿದವರು ಈ ಕಾಲದಲ್ಲಿ ಯಾರಾದರೂ ಇದ್ದಾರೆಯೇ? ಈ ಪ್ರಶ್ನೆಗೆ ಬೆಳಗಾವಿ ಸೀಮೆಯು ಕೊಟ್ಟ ಉತ್ತರವೇ ಸಿರಸಂಗಿಯ ದೇಸಾಯರಾದ ಲಿಂಗರಾಜರ ಜೀವನ.

ಲಿಂಗರಾಜರು ಅರಮನೆಯಲ್ಲಿ ಹುಟ್ಟಿದವರಲ್ಲ. ಇಂದಿನ ಗದಗ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರದ ಸಮೀಪದಲ್ಲಿರುವ ಶಿಗ್ಲಿ ಎಂಬ ಗ್ರಾಮ ಅವರ ಜನ್ಮಸ್ಥಳ. ಗೂಳಪ್ಪ ಮತ್ತು ಯಲ್ಲವ್ವ ಎಂಬ ದಂಪತಿಗಳ ಉದರದಲ್ಲಿ 1861ನೆಯ ಇಸವಿ ಜನವರಿ 10ರಂದು ಅವರ ಜನನವಾಯಿತು. ತಂದೆತಾಯಿಗಳು ಮಗುವಿಗೆ ಇಟ್ಟ ಹೆಸರು ರಾಮಪ್ಪ. ಮುಂದೆ ತಾನು ಒಂದು ದೇಸಗತಿಗೆ ಒಡೆಯನಾಗುವೆನೆಂದಾಗಲಿ, ತನ್ನ ಹೆಸರು ವಿದ್ಯಾಲಯಗಳ ಬಾಗಿಲ ಮೇಲೆ ಬರೆಯಲ್ಪಡುವುದೆಂದಾಗಲಿ ಆ ಬಾಲಕನು ಕನಸಿನಲ್ಲಿಯೂ ನೆನೆದಿರಲಾರನು.

ಸಿರಸಂಗಿಯು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಪ್ರಾಚೀನವಾದ ಊರು. ಕಾಳಿಕಾದೇವಿಯ ಗುಡಿಯಿಂದ ಹೆಸರಾದುದು. ನವಲಗುಂದ ಮತ್ತು ಸಿರಸಂಗಿಗಳ ಹೆಸರನ್ನು ಕೂಡಿಸಿಕೊಂಡ ದೇಸಗತಿಯು ಅಲ್ಲಿ ವಾಡೆಯನ್ನು ಕಟ್ಟಿಕೊಂಡು ನೆಲೆಸಿತ್ತು. ದೇಸಾಯಿ ಎಂದರೆ ಹಿಂದಿನ ಅರಸರ ಕಾಲದಲ್ಲಿ ಒಂದು ಪರಗಣೆಯ ಕಂದಾಯದ ಹೊಣೆಯನ್ನು ಹೊತ್ತ ವತನದಾರ. ರೈತರಿಂದ ಕಂದಾಯವನ್ನು ಕೂಡಿಸಿ ಸರಕಾರಕ್ಕೆ ಸಲ್ಲಿಸುವುದು, ಪಾಳುಬಿದ್ದ ಭೂಮಿಗೆ ಒಕ್ಕಲನ್ನು ಕರೆತಂದು ನೆಲೆಗೊಳಿಸುವುದು, ಸೀಮೆಯ ಸುವ್ಯವಸ್ಥೆಯನ್ನು ನೋಡಿಕೊಳ್ಳುವುದು ಅವನ ಕರ್ತವ್ಯ. ಅದಕ್ಕೆ ಪ್ರತಿಯಾಗಿ ಇನಾಮಿನ ಭೂಮಿ ಮತ್ತು ಹಕ್ಕಿನ ಉತ್ಪನ್ನ ಅವನ ಮನೆತನಕ್ಕೆ ಸಲ್ಲುತ್ತಿದ್ದವು. ಇಂಗ್ಲಿಷರ ಆಳಿಕೆ ಬಂದ ಮೇಲೆ ಕಂದಾಯವನ್ನು ಸರಕಾರದ ನೌಕರರೇ ವಸೂಲು ಮಾಡತೊಡಗಿದರು. ಕರ್ತವ್ಯವು ಹೋಯಿತು, ಉತ್ಪನ್ನವು ಉಳಿಯಿತು. ಕಾಯಕವಿಲ್ಲದೆ ಬರುವ ಸಂಪತ್ತು ಮನುಷ್ಯನನ್ನು ಯಾವ ಕಡೆಗೆ ಎಳೆಯುವುದೆಂಬುದಕ್ಕೆ ಅಂದಿನ ಎಷ್ಟೋ ವಾಡೆಗಳ ಇತಿಹಾಸವೇ ಸಾಕ್ಷಿಯಾಗಿದೆ.

ಸಿರಸಂಗಿಯ ಜಾಯಪ್ಪ ದೇಸಾಯರಿಗೆ ಮನೆತನವನ್ನು ಮುಂದುವರಿಸುವ ಪುತ್ರಸಂತಾನವಿರಲಿಲ್ಲ. ಶಿಗ್ಲಿಯ ರಾಮಪ್ಪನು ಇನ್ನೂ ಬಾಲಕನಾಗಿರುವಾಗಲೇ ಆ ಮನೆತನಕ್ಕೆ ದತ್ತಕನಾಗಿ ಬಂದನು. ಲಿಂಗರಾಜನೆಂಬ ಹೊಸ ಹೆಸರನ್ನು ಪಡೆದನು.

ಆ ಸೀಮೆಯಲ್ಲಿ ದತ್ತಕವೆಂಬುದು ಸಾಮಾನ್ಯವಾದ ಮಾತಲ್ಲ. 1824ರಲ್ಲಿ ಕಿತ್ತೂರಿನ ಮಲ್ಲಸರ್ಜನ ಮಗನಾದ ಶಿವಲಿಂಗರುದ್ರಸರ್ಜನು ಮರಣಹೊಂದಿದಾಗ ಅವನ ದತ್ತಕಪುತ್ರನನ್ನು ಇಂಗ್ಲಿಷ್ ಕಂಪನಿಯು ಒಪ್ಪಲಿಲ್ಲ. ವೀರರಾಣಿ ಚೆನ್ನಮ್ಮನವರು ಕತ್ತಿಯನ್ನು ಹಿರಿದದ್ದು ಆ ಕಾರಣಕ್ಕಾಗಿಯೇ. ನವಲಗುಂದದ ನೆರೆಯಲ್ಲಿರುವ ನರಗುಂದದ ಬಾಬಾಸಾಹೇಬನಿಗೂ ದತ್ತಕದ ಅನುಮತಿ ದೊರೆಯಲಿಲ್ಲ. 1858ರಲ್ಲಿ ಅವನು ಬಂಡೆದ್ದು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಲಿಂಗರಾಜರು ಹುಟ್ಟಿದ್ದು ಆ ನರಗುಂದದ ಬಂಡಾಯವು ಅಡಗಿ ಮೂರು ವರ್ಷಗಳೂ ತುಂಬದ ಕಾಲದಲ್ಲಿ. ವಂಶ ಉಳಿಯಬೇಕು, ವತನ ಉಳಿಯಬೇಕು, ವಾಡೆಯ ದೀಪವನ್ನು ಹಚ್ಚುವುದಕ್ಕೆ ಒಬ್ಬ ಮಗನಿರಬೇಕು ಎಂಬ ಆಸೆಗಾಗಿ ಜನರು ಯುದ್ಧವನ್ನೇ ಮಾಡಿದ ನೆಲವದು. ಅಂಥ ನೆಲದಲ್ಲಿ ದತ್ತಕನಾಗಿ ಬಂದವನು ಮುಂದೆ ವಂಶದ ಆಸೆಯನ್ನೇ ಸಮಾಜದ ಪಾದಕ್ಕೆ ಅರ್ಪಿಸಿದನೆಂಬುದನ್ನು ನೆನೆದರೆ ಆ ತ್ಯಾಗದ ತೂಕವು ತಿಳಿಯುತ್ತದೆ.

ಲಿಂಗರಾಜರು ಹದಿಹರೆಯವನ್ನು ಕಾಣುತ್ತಿದ್ದಾಗ ಕನ್ನಡ ನಾಡಿಗೆ ಘೋರವಾದ ಬರಗಾಲವು ಎರಗಿತು. 1876ರಿಂದ 1878ರ ವರೆಗೆ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಮಳೆಯಿಲ್ಲದೆ ಬೆಳೆಯಿಲ್ಲದೆ ಊರುಗಳು ಬರಿದಾದವು. ದನಗಳು ಮೇವಿಲ್ಲದೆ ಸತ್ತವು. ಒಕ್ಕಲುಮಕ್ಕಳು ಕೂಳನ್ನು ಅರಸಿ ಗುಳೆಹೋದರು. ಆ ಕಾಲದ ಭೀಕರತೆಯನ್ನು ಕಣ್ಣಾರೆ ಕಂಡ ತಲೆಮಾರು ಅದನ್ನು ಮರೆಯಲಿಲ್ಲ. ಮತ್ತೆ 1896ರಲ್ಲಿಯೂ, 1899ರಲ್ಲಿಯೂ ಬರಗಾಲಗಳು ಬಂದವು. ಹೀಗೆ ಲಿಂಗರಾಜರ ಆಯುಷ್ಯದಲ್ಲಿ ಮೂರು ಸಲ ಭೂಮಿಯು ಮನುಷ್ಯನ ಗರ್ವವನ್ನು ಮುರಿಯಿತು. ಸಾವಿರ ಎಕರೆಯ ಒಡೆಯನಾದರೂ ಮೋಡದ ಮುಂದೆ ಅವನು ಬಡವನೇ ಎಂಬ ಪಾಠವನ್ನು ಕಲಿಸುವುದಕ್ಕೆ ಇದಕ್ಕಿಂತ ಬೇರೆ ಗುರು ಬೇಕಾಗಿರಲಿಲ್ಲ.

ಸವದತ್ತಿ ನವಲಗುಂದಗಳ ಭೂಮಿಯು ಬಹುಮಟ್ಟಿಗೆ ಕರಿಯ ಎರೆಭೂಮಿ. ಮಳೆ ಹದವಾಗಿ ಬಿದ್ದರೆ ಆ ನೆಲವು ಹೊನ್ನನ್ನೇ ಕೊಡುತ್ತದೆ. ಹಿಂಗಾರಿಯ ಬಿಳಿಜೋಳ, ಹತ್ತಿ, ಕಡಲೆ, ಗೋದಿ, ಕುಸುಬಿಗಳು ಅಲ್ಲಿ ಹುಲುಸಾಗಿ ಬೆಳೆಯುತ್ತವೆ. ಮಳೆ ತಪ್ಪಿದರೆ ಅದೇ ನೆಲವು ಆಳುದ್ದ ಬಿರಿಯುತ್ತದೆ; ಕೂರಿಗೆಯನ್ನು ಹೂಡುವುದಕ್ಕೂ ಹದ ಸಿಗುವುದಿಲ್ಲ. ಇಂಥ ನೆಲದಲ್ಲಿ ಒಡೆಯನಾದವನು ಲಾವಣಿಯನ್ನು ಎಣಿಸಿಕೊಂಡು ವಾಡೆಯಲ್ಲಿ ಕುಳಿತರೆ ರೈತನೂ ಕೆಡುತ್ತಾನೆ, ಕೊನೆಗೆ ಒಡೆಯನೂ ಕೆಡುತ್ತಾನೆ. ಒಡ್ಡು ಹಾಕಿ ನೀರನ್ನು ನಿಲ್ಲಿಸುವುದು, ಕೆರೆಯ ಹೂಳನ್ನು ತೆಗೆಯಿಸುವುದು, ಒಳ್ಳೆಯ ಬೀಜವನ್ನು ತರಿಸುವುದು, ತೋಟಪಟ್ಟಿಯನ್ನು ಬೆಳೆಸುವುದು, ಇವೆಲ್ಲ ಭೂಮಿಯ ಒಡೆಯನು ಮಾಡತಕ್ಕ ಕಾಯಕ. ಲಿಂಗರಾಜರು ಈ ಕಾಯಕದಲ್ಲಿ ಆಸಕ್ತರಾಗಿದ್ದರೆಂದೂ, ಒಕ್ಕಲುತನದ ಸುಧಾರಣೆಗೆ ಮನಗೊಟ್ಟವರೆಂದೂ ಆ ಸೀಮೆಯ ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಸವದತ್ತಿಯ ಬಳಿ ಮಲಪ್ರಭೆಯು ಗುಡ್ಡವನ್ನು ಸೀಳಿಕೊಂಡು ಹರಿಯುವ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಅಣೆಕಟ್ಟನ್ನು ಕಟ್ಟಿದರೆ ಸೀಮೆಯ ಬರವು ನೀಗುವುದೆಂಬ ವಿಚಾರವು ಅವರ ಮನಸ್ಸಿನಲ್ಲಿ ಆಗಲೇ ಮೂಡಿತ್ತೆಂಬ ಮಾತೂ ಅಲ್ಲಿ ಪ್ರಚಲಿತವಾಗಿದೆ.

ಆದರೆ ಲಿಂಗರಾಜರ ದೃಷ್ಟಿಯು ಹೊಲದ ಬದುವಿನಲ್ಲಿಯೇ ನಿಲ್ಲಲಿಲ್ಲ. ಭೂಮಿಯ ಬರಕ್ಕಿಂತ ಕ್ರೂರವಾದ ಇನ್ನೊಂದು ಬರವು ಸಮಾಜವನ್ನು ಸುಡುತ್ತಿತ್ತು. ಅದು ವಿದ್ಯೆಯ ಬರ. ಕಲ್ಯಾಣದಲ್ಲಿ ಅಕ್ಷರವನ್ನು ಕೇರಿಕೇರಿಗೆ ತಲುಪಿಸಿ, ಅಂಬಿಗನಿಂದಲೂ ಮಡಿವಾಳನಿಂದಲೂ ಅನುಭಾವದ ನುಡಿಗಳನ್ನು ಆಡಿಸಿದ ಧರ್ಮದ ಮಕ್ಕಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಬ್ಬೆಟ್ಟನ್ನು ಒತ್ತುವ ಸ್ಥಿತಿಗೆ ಇಳಿದಿದ್ದರು. ಒಕ್ಕಲುತನ ವ್ಯಾಪಾರಗಳಲ್ಲಿ ಮುಂದಾಗಿದ್ದವರಿಗೂ ಸರಕಾರದ ಕಚೇರಿ, ನ್ಯಾಯಾಲಯ, ಶಾಲೆಗಳಲ್ಲಿ ಸ್ಥಾನವಿರಲಿಲ್ಲ. ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆಯೆಂಬುದನ್ನು ತಾನೇ ಓದಲಾರದ ರೈತನು ಸಾಲಗಾರನ ಬಾಯಿಂದ ಅದನ್ನು ಕೇಳಿ ನಂಬಬೇಕಾಗಿತ್ತು. ಭೂಮಿಯನ್ನು ಕಳೆಯುವುದಕ್ಕೆ ಬರಗಾಲವೇ ಬರಬೇಕೆಂದಿಲ್ಲ, ಅಜ್ಞಾನವೊಂದೇ ಸಾಕು.

ಈ ಕೊರತೆಯನ್ನು ಅರಿತು ಎಚ್ಚೆತ್ತ ಮಹನೀಯರು ಧಾರವಾಡದಲ್ಲಿ ಮೊದಲು ಕಾಣಿಸಿಕೊಂಡರು. ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಅಲ್ಲಿ ಹುಟ್ಟಿತು. ಬಡ ವಿದ್ಯಾರ್ಥಿಗಳಿಗೆ ಧನಸಹಾಯ ಮಾಡಿ ಮುಂದಿನ ಓದಿಗೆ ಕಳುಹಿಸುವುದು ಅದರ ಉದ್ದೇಶ. ಆ ಕಾಲದಲ್ಲಿ ಮುಂದಿನ ಓದು ಎಂದರೆ ಸಣ್ಣ ಮಾತಾಗಿರಲಿಲ್ಲ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಇಲಾಖೆಯ ಕನ್ನಡ ಹುಡುಗನು ಪದವೀಧರನಾಗಬೇಕಾದರೆ ಕೊಲ್ಹಾಪುರಕ್ಕೋ, ಪುಣೆಗೋ, ಮುಂಬಯಿಗೋ ಹೋಗಬೇಕಾಗಿತ್ತು. ಪರಭಾಷೆಯ ಊರು, ಗುರುತಿಲ್ಲದ ಜನ. ಲಿಂಗಪೂಜೆಗೆ ಅನುಕೂಲವಾದ ಬಿಡಾರವಾಗಲಿ ಮನೆಯ ರೀತಿಯ ಊಟವಾಗಲಿ ಸುಲಭವಾಗಿ ದೊರೆಯದು. ವರ್ಷಕ್ಕೆ ತಗಲುವ ವೆಚ್ಚವನ್ನು ಹೊರುವುದು ಸಾಧಾರಣ ರೈತನಿಗೆ ಆಗದ ಮಾತು. ಜೋಡು ಎತ್ತುಗಳನ್ನು ಮಾರಿದರೆ ಒಂದು ವರ್ಷದ ಓದು ಸಾಗೀತು. ಮರುವರ್ಷ ಹೊಲವನ್ನು ಉಳುವುದು ಹೇಗೆ? ಬುದ್ಧಿವಂತರಾದ ಎಷ್ಟೋ ಹುಡುಗರ ಓದು ಕನ್ನಡ ಶಾಲೆಯ ಹೊಸ್ತಿಲಿನಲ್ಲಿಯೇ ಮುಗಿದುಹೋಗುತ್ತಿತ್ತು.

ಹೀಗಿರುವಾಗ ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಮಹಾಸ್ವಾಮಿಗಳ ಸಂಕಲ್ಪದಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಸ್ಥಾಪಿತವಾಯಿತು. ಅದರ ಪ್ರಥಮ ಅಧಿವೇಶನದ ಅಧ್ಯಕ್ಷಪದವಿಗೆ ಲಿಂಗರಾಜ ದೇಸಾಯರು ಆರಿಸಲ್ಪಟ್ಟರು. ಮಠಗಳ ಸ್ವಾಮಿಗಳು, ಜಹಗೀರದಾರರು, ವರ್ತಕರು, ಒಕ್ಕಲಿಗರು, ಹೊಸದಾಗಿ ಇಂಗ್ಲಿಷ್ ಕಲಿತ ತರುಣರು ಒಂದೇ ಚಪ್ಪರದ ಕೆಳಗೆ ಕೂಡಿದ ಸಂದರ್ಭವದು. ಅವರೆಲ್ಲರ ಮುಂದಿದ್ದ ಮುಖ್ಯ ಚಿಂತೆ ಒಂದೇ: ಚದುರಿದ ಸಮಾಜವು ಒಂದಾಗುವುದು ಹೇಗೆ, ಅದರ ಮಕ್ಕಳು ವಿದ್ಯಾವಂತರಾಗುವುದು ಹೇಗೆ?

ಮರುವರ್ಷ, 1905ರಲ್ಲಿ, ಮಹಾಸಭೆಯ ಎರಡನೆಯ ಅಧಿವೇಶನವು ಬೆಂಗಳೂರಿನಲ್ಲಿ ಜರುಗಿತು. ಅದರ ಅಧ್ಯಕ್ಷತೆಯೂ ಲಿಂಗರಾಜರದಾಯಿತು. ಆಗ ಬೆಂಗಳೂರಿನ ರೈಲು ನಿಲ್ದಾಣದ ಎದುರಿನಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವು ತೆರೆದು ಎರಡು ವರ್ಷಗಳಾಗಿದ್ದವು. ತೋಟದಪ್ಪನವರಿಗೂ ಮಕ್ಕಳಿರಲಿಲ್ಲ, ವ್ಯಾಪಾರದಲ್ಲಿ ಗಳಿಸಿದ್ದನ್ನು ಅವರು ದಾರಿಗರಿಗೂ ವಿದ್ಯಾರ್ಥಿಗಳಿಗೂ ಮುಡಿಪಾಗಿಟ್ಟರು. ಒಬ್ಬರು ಮೈಸೂರು ಸೀಮೆಯ ವರ್ತಕರು, ಇನ್ನೊಬ್ಬರು ಮುಂಬಯಿ ಕರ್ನಾಟಕದ ವತನದಾರರು. ಒಬ್ಬರದು ಸ್ವಂತ ದುಡಿಮೆಯ ಹಣ, ಇನ್ನೊಬ್ಬರದು ಹಿರಿಯರಿಂದ ಬಂದ ಭೂಮಿ. ದಾರಿಗಳು ಬೇರೆಯಾದರೂ ಇಬ್ಬರೂ ತಲುಪಿದ ತಾಣ ದಾಸೋಹವೇ.

ಲಿಂಗರಾಜರ ಮನೆಯಲ್ಲಿಯೂ ವಂಶವನ್ನು ಮುಂದುವರಿಸುವ ಮಗನಿರಲಿಲ್ಲ. ಲೋಕದ ರೂಢಿಯಂತೆ ಅವರ ಮುಂದಿದ್ದ ದಾರಿ ಸ್ಪಷ್ಟವಾಗಿತ್ತು. ಅವರನ್ನು ಹೇಗೆ ಶಿಗ್ಲಿಯಿಂದ ತಂದು ದೇಸಗತಿಗೆ ಒಡೆಯರನ್ನಾಗಿ ಮಾಡಿದ್ದರೋ ಹಾಗೆಯೇ ಅವರೂ ಒಬ್ಬ ಬಾಲಕನನ್ನು ದತ್ತಕ ತೆಗೆದುಕೊಂಡು ವಾಡೆಯ ಕೀಲಿಕೈಯನ್ನು ಅವನಿಗೆ ಒಪ್ಪಿಸಬಹುದಾಗಿತ್ತು. ಬಂಧುಗಳಿಗೆ ಸಂತೋಷವಾಗುತ್ತಿತ್ತು, ಯಾರ ನಿಂದೆಯೂ ಇರುತ್ತಿರಲಿಲ್ಲ. ಅಥವಾ ಪುಣ್ಯದ ಆಸೆಯಿದ್ದರೆ ಜಾತ್ರೆ ಉತ್ಸವಗಳಿಗೆ, ಶಿಖರ ಕಳಸಗಳಿಗೆ ಉಂಬಳಿ ಬಿಟ್ಟು ಕೀರ್ತಿಯನ್ನು ಪಡೆಯಬಹುದಾಗಿತ್ತು. ಲಿಂಗರಾಜರು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ತಮ್ಮ ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮೃತ್ಯುಪತ್ರದ ಮೂಲಕ ಮೀಸಲಾಗಿಟ್ಟರು. ಸಮಾಜದ ಒಬ್ಬ ಬಾಲಕನನ್ನು ದತ್ತಕ ತೆಗೆದುಕೊಳ್ಳುವ ಬದಲು ಓದುವ ಹಂಬಲವುಳ್ಳ ಬಡಮಕ್ಕಳೆಲ್ಲರನ್ನೂ ದತ್ತಕ ತೆಗೆದುಕೊಂಡರೆಂದು ಹೇಳಿದರೆ ತಪ್ಪಾಗಲಾರದು.

ಈ ನಿರ್ಣಯದ ಅಂತರಂಗವನ್ನು ಶರಣತತ್ತ್ವದ ಬೆಳಕಿನಲ್ಲಿ ನೋಡುವುದು ಯೋಗ್ಯವಾಗಿದೆ. ಲಿಂಗರಾಜರ ಕೈಗೆ ಬಂದ ಸಂಪತ್ತು ಅವರ ಜನ್ಮದಿಂದ ಬಂದುದಲ್ಲ, ದತ್ತಕದಿಂದ ಬಂದುದು. ಅವರ ಸ್ವಂತ ಕಾಯಕದಿಂದ ಹುಟ್ಟಿದುದಲ್ಲ. ಎರೆಭೂಮಿಯಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ದುಡಿದ ಸಾವಿರಾರು ಒಕ್ಕಲುಮಕ್ಕಳ ಬೆವರಿನಿಂದ ಹುಟ್ಟಿದುದು. ಆ ಬೆವರು ಎಲ್ಲಿಂದ ಬಂದಿತೋ ಅಲ್ಲಿಗೇ ವಿದ್ಯೆಯ ರೂಪದಲ್ಲಿ ಹಿಂದಿರುಗಬೇಕಾದುದು ನ್ಯಾಯ. ಲಕ್ಕಮ್ಮನವರು ಹೆಚ್ಚಾದ ಅಕ್ಕಿಯನ್ನು ಇದ್ದಲ್ಲಿಗೇ ಸುರಿಯಿಸಿದರು. ಲಿಂಗರಾಜರು ಹೆಚ್ಚಾದ ಭೂಮಿಯ ಫಲವನ್ನು ಬಂದಲ್ಲಿಗೇ ಸುರಿದರು. ಸೆರಗಿನ ಅಕ್ಕಿಗೂ ದೇಸಗತಿಯ ಉತ್ಪನ್ನಕ್ಕೂ ಗಾತ್ರದಲ್ಲಿ ಭೇದವುಂಟು, ತತ್ತ್ವದಲ್ಲಿ ಭೇದವಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಣವನ್ನು ಹಂಚಿಬಿಟ್ಟರೆ ಒಂದು ತಲೆಮಾರಿಗೆ ಉಪಕಾರವಾದೀತು. ಭೂಮಿಯನ್ನು ಇಡಿಯಾಗಿ ಕಾಯ್ದು ಅದರ ವರ್ಷವರ್ಷದ ಉತ್ಪನ್ನವನ್ನು ವಿನಿಯೋಗಿಸಿದರೆ ಆ ಉಪಕಾರವು ತಲೆಮಾರುಗಳಿಗೆ ಹರಿಯುತ್ತದೆ. ಹಸುವನ್ನು ಮಾರಿ ಹಂಚುವುದು ಒಂದು ರೀತಿ. ಹಸುವನ್ನು ಸಾಕಿ ಹಾಲನ್ನು ಹಂಚುವುದು ಇನ್ನೊಂದು ರೀತಿ. ಲಿಂಗರಾಜರು ಎರಡನೆಯದನ್ನು ಆರಿಸಿಕೊಂಡರು. ಆದರೆ ಹಸುವನ್ನು ಸಾಕುವುದಕ್ಕೆ ನಂಬಿಗಸ್ತನಾದ ಗೋಪಾಲಕನು ಬೇಕು. ಒಂದು ಮನೆತನದ ಕೈಯಲ್ಲಿಯೇ ಧರ್ಮದ ಆಸ್ತಿಯು ಉಳಿದರೆ ಮೊದಲನೆಯ ತಲೆಮಾರು ಅದನ್ನು ಧರ್ಮವೆಂದು ನಡೆಸುತ್ತದೆ, ಎರಡನೆಯದು ಹಕ್ಕೆಂದು ತಿಳಿಯುತ್ತದೆ, ಮೂರನೆಯದು ಪಾಲು ಕೇಳುತ್ತದೆ. ಲಿಂಗರಾಜರ ಸಂಪತ್ತಿನಿಂದ ಏರ್ಪಟ್ಟ ನವಲಗುಂದ ಸಿರಸಂಗಿ ಟ್ರಸ್ಟು ಬೆಳಗಾವಿ ಜಿಲ್ಲೆಯ ಮುಖ್ಯಾಧಿಕಾರಿಯ ಅಧ್ಯಕ್ಷತೆಯಲ್ಲಿ ನಡೆದುಬಂದಿದೆ. ಒಬ್ಬ ಅಧಿಕಾರಿ ಹೋಗಿ ಇನ್ನೊಬ್ಬನು ಬಂದರೂ ಪೀಠವು ಬರಿದಾಗುವುದಿಲ್ಲ. ದಾಯಾದಿಗಳ ಕೈಯೂ ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಮನೆತನದಿಂದ ಹುಟ್ಟಿದ ಧರ್ಮವು ಮನೆತನದಾಚೆಗೆ ಬಾಳಿದ್ದಕ್ಕೆ ಈ ಕಟ್ಟುಪಾಡು ದೊಡ್ಡ ಆಸರೆಯಾಯಿತು.

ಲಿಂಗರಾಜರಿಗೆ ದೀರ್ಘಾಯುಷ್ಯವು ಲಭಿಸಲಿಲ್ಲ. 1906ರಲ್ಲಿ, ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮಹಾಸಭೆಯು ಆಗ ಇನ್ನೂ ಎರಡು ವರ್ಷದ ಕೂಸು. ಅವರ ತ್ಯಾಗದ ಫಲವನ್ನು ಅನುಭವಿಸಿ ಓದಿ ದೊಡ್ಡವರಾದವರನ್ನು ಕಾಣುವ ಭಾಗ್ಯ ಅವರದಾಗಲಿಲ್ಲ. ಮಾವಿನ ಸಸಿಯನ್ನು ನೆಟ್ಟು ಹಣ್ಣನ್ನು ಕಾಣದೆ ಹೋಗುವ ಮುದುಕನ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಲಿಂಗರಾಜರು ಮುದುಕರೂ ಆಗಿರಲಿಲ್ಲ. ನಡುಹರೆಯದಲ್ಲಿಯೇ ನೆಟ್ಟು ನಡೆದುಬಿಟ್ಟರು.

ಆದರೆ ನೆಟ್ಟ ಸಸಿಯು ಒಣಗಲಿಲ್ಲ. ಅವರ ಹೆಸರಿನ ವಿದ್ಯಾರ್ಥಿವೇತನವು ಬಡ ರೈತರ ಮಕ್ಕಳಿಗೆ ದೂರದ ಕಾಲೇಜುಗಳ ಬಾಗಿಲನ್ನು ತೆರೆಯಿತು. ಮನೆಯಲ್ಲಿ ಎರಡು ಹೊತ್ತಿನ ರೊಟ್ಟಿಗೆ ತಾಪತ್ರಯವಿದ್ದ ಹುಡುಗರು ಆ ಸಹಾಯದಿಂದ ಓದಿ ಶಿಕ್ಷಕರಾದರು, ವಕೀಲರಾದರು, ವೈದ್ಯರಾದರು, ಅಧಿಕಾರಿಗಳಾದರು. ಒಂದು ಮನೆಯಲ್ಲಿ ಒಬ್ಬನು ಓದಿದರೆ ಅವನ ತಮ್ಮಂದಿರೂ ತಂಗಿಯರೂ ಓದುತ್ತಾರೆ. ಅವನ ಮಕ್ಕಳ ಕಾಲಕ್ಕೆ ಓದು ಆ ಮನೆಯ ಸಹಜಧರ್ಮವಾಗುತ್ತದೆ. ವಿದ್ಯಾದಾನಕ್ಕೆ ಈ ವಿಶೇಷವುಂಟು: ಅನ್ನವು ಉಂಡವನ ಹಸಿವನ್ನು ಮಾತ್ರ ತಣಿಸುತ್ತದೆ, ವಿದ್ಯೆಯು ಪಡೆದವನಿಂದ ಮುಂದಕ್ಕೆ ಹರಿಯುತ್ತದೆ.

1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರ ತ್ಯಾಗದಿಂದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಒಂದು ಶಾಲೆಯ ರೂಪದಲ್ಲಿ ಉದಯಿಸಿತು. ಸಮಾಜವು ಅವರನ್ನು ಸಪ್ತರ್ಷಿಗಳೆಂದು ಕರೆದು ಗೌರವಿಸಿತು. ಆ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜ ಕಾಲೇಜೆಂದು ಹೆಸರಿಟ್ಟಿತು. ವಂಶಕ್ಕೆ ಮಗನಿಲ್ಲದವರ ಹೆಸರು ಹೀಗೆ ವರ್ಷವರ್ಷವೂ ನೂರಾರು ತರುಣರ ಪದವಿಪತ್ರದೊಡನೆ ಊರೂರಿಗೆ ಹೋಗತೊಡಗಿತು. ಆ ವಿದ್ಯಾಲಯದಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಕಲಿತಿದ್ದಾರೆ. ಒಂದು ಸಮಾಜದ ಕೊರತೆಯನ್ನು ನೀಗಿಸುವುದಕ್ಕಾಗಿ ಹೊತ್ತಿಸಿದ ದೀಪವು ನೆರೆಯ ಮನೆಗೂ ಬೆಳಕನ್ನು ಕೊಟ್ಟಿತು. ಇವನಾರೆಂದು ಕೇಳದೆ ನಮ್ಮವನೆಂದು ಬಗೆಯುವ ಬಸವಧರ್ಮಕ್ಕೆ ಇದು ಒಪ್ಪುವ ಮಾತೇ ಆಗಿದೆ.

ಕಾಲಚಕ್ರವು ಇನ್ನೊಂದು ಪಾಠವನ್ನೂ ಕಲಿಸಿತು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರವು 1950ರಲ್ಲಿ ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿಯ ಕಾಯದೆಯನ್ನು ಮಾಡಿತು. 1951ರಲ್ಲಿ ಅದು ಜಾರಿಗೆ ಬಂದಿತು. ಶತಮಾನಗಳಿಂದ ದೇಸಾಯಿ ದೇಶಪಾಂಡೆಯರ ಮನೆತನಗಳು ಅನುಭವಿಸುತ್ತ ಬಂದ ವತನಗಳು ಅಲ್ಲಿಗೆ ಮುಗಿದವು. ಯಾವ ವತನಕ್ಕಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲುಗಳನ್ನು ಸವೆಸಿದ್ದರೋ, ಯಾವ ವತನಕ್ಕಾಗಿ ದತ್ತಕದ ಜಗಳಗಳು ಎದ್ದಿದ್ದವೋ ಅದು ಕಾಯದೆಯ ಒಂದು ಹಾಳೆಯಿಂದ ಇಲ್ಲವಾಯಿತು. ಮುಂದೆ 1974ರಿಂದ ಕರ್ನಾಟಕದಲ್ಲಿ ಉಳುವವನಿಗೇ ಭೂಮಿಯು ಸಲ್ಲುವ ಕಾಯದೆಯೂ ಬಂದಿತು. ವಂಶಕ್ಕೆಂದು ಗಟ್ಟಿಯಾಗಿ ಹಿಡಿದುಕೊಂಡ ಮುಷ್ಟಿಗಳು ಬರಿದಾದವು. ಲಿಂಗರಾಜರು ಮುಷ್ಟಿಯನ್ನು ತಾವಾಗಿಯೇ ಬಿಚ್ಚಿದ್ದರು. ಅವರು ಕೊಟ್ಟದ್ದು ಆ ಹೊತ್ತಿಗಾಗಲೇ ಅರಿವಾಗಿ ಮಾರ್ಪಟ್ಟು ಮನೆಮನೆಗಳನ್ನು ಸೇರಿತ್ತು. ಅರಿವನ್ನು ರದ್ದುಮಾಡುವ ಕಾಯದೆ ಯಾವುದೂ ಇಲ್ಲ.

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಸವದತ್ತಿಯ ಸೀಮೆಯನ್ನು ಹಾಯ್ದು, ಬಾದಾಮಿಯ ಬಳಿ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದ ದಡವನ್ನು ಸೋಂಕಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನವಿಲುತೀರ್ಥದಲ್ಲಿ ಸ್ವಾತಂತ್ರ್ಯಾನಂತರ ಅಣೆಕಟ್ಟು ಏಳಲಾಗಿ ಸವದತ್ತಿ, ನವಲಗುಂದ, ನರಗುಂದಗಳ ಎರೆಭೂಮಿಗೆ ಕಾಲುವೆಯ ನೀರು ಹರಿಯಿತು. ಲಿಂಗರಾಜರ ವಿದ್ಯಾದಾನದ ನಡೆಯೂ ಆ ನದಿಯ ನಡೆಯಂತೆಯೇ ಇದೆ. ಅದು ಒಂದು ವಾಡೆಯಲ್ಲಿ ಹುಟ್ಟಿತು, ಹಳ್ಳಿಹಳ್ಳಿಗಳನ್ನು ತೋಯಿಸಿತು, ಕೊನೆಗೆ ಬಸವಣ್ಣನವರು ಲಿಂಗದಲ್ಲಿ ಬೆರೆತ ಸಂಗಮದ ತತ್ತ್ವದಲ್ಲಿಯೇ ಹೋಗಿ ಕೂಡಿಕೊಂಡಿತು.

ಈ ಚರಿತ್ರೆಯನ್ನು ಓದಿದ ಗೃಹಸ್ಥನು ತನಗೆ ದೇಸಗತಿಯಿಲ್ಲವೆಂದು ಪುಸ್ತಕವನ್ನು ಮಡಿಸಿಡಬಾರದು. ನಾಲ್ಕು ಎಕರೆಯ ರೈತನೂ ಒಂದು ಕೂರಿಗೆ ಹೊಲದ ಬೆಳೆಯನ್ನು ಊರಿನ ಶಾಲೆಗೆ ಮೀಸಲಿಡಬಲ್ಲನು. ಅಂಗಡಿಕಾರನು ದಿನದ ಗಲ್ಲೆಯಲ್ಲಿ ಒಂದು ಪಾಲನ್ನು ಪ್ರಸಾದನಿಲಯಕ್ಕೆ ತೆಗೆದಿಡಬಲ್ಲನು. ಅಣ್ಣತಮ್ಮಂದಿರು ಕೂಡಿ ಹಿರಿಯರ ಹೆಸರಿನಲ್ಲಿ ಒಂದು ಚಿಕ್ಕ ಧರ್ಮನಿಧಿಯನ್ನು ಕಟ್ಟಬಲ್ಲರು. ಆದರೆ ಹಾಗೆ ಕಟ್ಟುವಾಗ ಕೆಲವು ಮಾತುಗಳನ್ನು ಮರೆಯಬಾರದು. ಕೊಡುವುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ನಿಲ್ಲಿಸಬೇಕು. ಯಾವ ಉದ್ದೇಶಕ್ಕೆ ಕೊಟ್ಟದ್ದೆಂಬುದು ಮೂರನೆಯ ತಲೆಮಾರಿಗೂ ತಿಳಿಯುವಷ್ಟು ಸ್ಪಷ್ಟವಾಗಿರಬೇಕು. ಮನೆಯ ಸ್ತ್ರೀಯರಿಗೂ ಆಶ್ರಿತರಿಗೂ ಸಲ್ಲತಕ್ಕದ್ದನ್ನು ಮೊದಲು ಸಲ್ಲಿಸಬೇಕು. ಮನೆಯವರ ಕಣ್ಣೀರಿನ ಮೇಲೆ ಕಟ್ಟಿದ ಧರ್ಮವು ನಿಲ್ಲುವುದಿಲ್ಲ. ಲೆಕ್ಕವನ್ನು ನಾಲ್ಕು ಜನರ ಮುಂದೆ ಇಡಬೇಕು. ಮನೆಯ ಹೊರಗಿನ ಪ್ರಾಮಾಣಿಕರಿಗೂ ಅದರಲ್ಲಿ ಸ್ಥಾನ ಕೊಡಬೇಕು. ಭೂಮಿಯನ್ನು ಕೊಟ್ಟರೆ ಅದನ್ನು ಪಾಳುಗೆಡವದೆ ಫಲವತ್ತಾಗಿ ಇರಿಸುವ ಏರ್ಪಾಡನ್ನೂ ಮಾಡಬೇಕು. ಇಷ್ಟನ್ನು ಮಾಡಿದ ಬಳಿಕ ಕೊಟ್ಟೆನೆಂಬುದನ್ನು ಮರೆತುಬಿಡಬೇಕು. ಈ ಕೊನೆಯ ಮಾತೇ ಎಲ್ಲಕ್ಕಿಂತ ಕಠಿಣವಾದುದು.

ಪ್ರತಿವರ್ಷ ಜನವರಿ 10ರಂದು ಸಿರಸಂಗಿಯಲ್ಲಿಯೂ ಬೆಳಗಾವಿಯಲ್ಲಿಯೂ ಲಿಂಗರಾಜರ ಜಯಂತಿಯು ನೆರವೇರುತ್ತದೆ. ಅವರಿಗೆ ತ್ಯಾಗವೀರರೆಂಬ ಬಿರುದನ್ನು ಸಮಾಜವು ಸಲ್ಲಿಸಿದೆ. ಕತ್ತಿಯನ್ನು ಹಿರಿಯದೆ ವೀರರಾದವರು ಅವರು. ಅವರು ಗೆದ್ದದ್ದು ನನ್ನದೆಂಬ ಭಾವವನ್ನು. ಶಿಗ್ಲಿಯ ಒಂದು ಮನೆಯಿಂದ ಒಬ್ಬ ಬಾಲಕನನ್ನು ಸಿರಸಂಗಿಯು ದತ್ತಕ ಪಡೆಯಿತು. ಆ ಬಾಲಕನು ನಾಡಿನ ಮಕ್ಕಳನ್ನೆಲ್ಲ ತನ್ನ ಮಕ್ಕಳೆಂದು ಬಗೆದು ಆ ಋಣವನ್ನು ತೀರಿಸಿದನು. ಅವನ ನೆರವಿನಿಂದ ಓದಿದ ಮನೆಗಳಲ್ಲಿ ಇಂದು ದೀಪವು ಉರಿಯುತ್ತಿದೆ. ಆ ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸುವ ಹೊಣೆಯು ಆ ಮನೆಗಳಲ್ಲಿ ಹುಟ್ಟಿದ ಪ್ರತಿಯೊಬ್ಬರ ಮೇಲೆಯೂ ಇದೆ.